ಕಾಯಿದೆಯ ಮಿತಿ ಮತ್ತು ವ್ರತದ ಮಿತಿ
(ದೀಪಾವಳಿಯ ಸುಡುಮದ್ದನ್ನು ಕುರಿತು ಒಂದು ವಿಚಾರ)

ದೀಪಾವಳಿ ಸಮೀಪಿಸಿದಂತೆಲ್ಲ ಶ್ರಾವಕರ ಮನೆಗಳಲ್ಲಿ ಒಂದು ಪ್ರಶ್ನೆ ಪ್ರತಿವರ್ಷವೂ ತಲೆಯೆತ್ತುತ್ತದೆ. "ಹಸಿರು ಪಟಾಕಿಗೆ ಸರಕಾರವೇ ಅನುಮತಿ ಕೊಟ್ಟಿದೆ. ರಾತ್ರಿ ಎಂಟರಿಂದ ಹತ್ತರವರೆಗೆ ಸುಡಬಹುದೆಂದು ವೇಳೆಯನ್ನೂ ಗೊತ್ತುಮಾಡಿದೆ. ಕಾಯಿದೆಗೆ ಒಳಪಟ್ಟು ನಡೆದ ಮೇಲೆ ದೋಷವೆಲ್ಲಿಯದು?" ಹೀಗೆ ಕೇಳುವವರು ಧರ್ಮವಿಮುಖರೇನೂ ಅಲ್ಲ. ಚತುರ್ದಶಿಯಂದು ಉಪವಾಸವಿದ್ದು, ಅಮಾವಾಸ್ಯೆಯ ಪ್ರಾತಃಕಾಲದಲ್ಲಿ ಬಸದಿಗೆ ಹೋಗಿ ನಿರ್ವಾಣ ಲಾಡನ್ನು ಅರ್ಪಿಸುವವರೇ ಆಗಿರುತ್ತಾರೆ. ಆದುದರಿಂದ ಈ ಪ್ರಶ್ನೆಯನ್ನು ಗದರಿಸಿ ತಳ್ಳಿಹಾಕುವುದು ಸರಿಯಲ್ಲ. ಶಾಸ್ತ್ರದ ಬೆಳಕಿನಲ್ಲಿಟ್ಟು ನೋಡಬೇಕು.

ಮೊದಲು ಕಾಯಿದೆಯು ಹೇಳುವುದೇನೆಂಬುದನ್ನು ತಿಳಿಯೋಣ. ಪಟಾಕಿಯು 1884ರ ಸ್ಫೋಟಕಗಳ ಕಾಯಿದೆಗೆ ಒಳಪಟ್ಟ ವಸ್ತು. 2008ರ ಸ್ಫೋಟಕಗಳ ನಿಯಮಗಳಂತೆ ಹಬ್ಬದ ತಾತ್ಕಾಲಿಕ ಮಳಿಗೆಗೂ ಪರವಾನಗಿ ಬೇಕು. ಮಳಿಗೆಯನ್ನು ಬೆಂಕಿ ಹತ್ತದ ಸಾಮಗ್ರಿಯಿಂದ ಕಟ್ಟಿರಬೇಕು. ಒಂದಕ್ಕೊಂದು ಮೂರು ಮೀಟರ್ ಅಂತರವಿರಬೇಕು. ಎದುರುಬದುರು ಬಾಗಿಲು ಇರಕೂಡದು. ಒಳಗೆ ಎಣ್ಣೆಯ ದೀಪ ಹಚ್ಚಕೂಡದು. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ಲಿಗೆ ಮೀರಿದ ಸದ್ದು ಮಾಡುವ ಪಟಾಕಿಗೆ ನಿಷೇಧವಿದೆ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದಿನ ಪಟಾಕಿ ಕೂಡದೆಂದಿತು. 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ದೀಪಾವಳಿಗೆ ರಾತ್ರಿ ಎಂಟರಿಂದ ಹತ್ತು ಎಂದು ವೇಳೆಯನ್ನು ಗೊತ್ತುಮಾಡಿ, ಸರ ಪಟಾಕಿಯನ್ನೂ ಬೇರಿಯಂ ಲವಣ ಬೆರೆತ ಮದ್ದನ್ನೂ ನಿಷೇಧಿಸಿ, ಪರವಾನಗಿಯುಳ್ಳ ವ್ಯಾಪಾರಿಯೇ ಮಾರಬೇಕೆಂದು ವಿಧಿಸಿತು.

ನಮ್ಮ ರಾಜ್ಯದಲ್ಲಿ 2020ರಲ್ಲಿ ಹಸಿರು ಪಟಾಕಿಗೆ ಮಾತ್ರ ಅವಕಾಶವೆಂದು ಸರಕಾರವು ಆಜ್ಞೆ ಹೊರಡಿಸಿತು. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹೊರವಲಯದ ಅತ್ತಿಬೆಲೆಯಲ್ಲಿ ಪಟಾಕಿಯ ಮಳಿಗೆಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಹಲವರು ಹಬ್ಬದ ದಿನಗಳ ಕೂಲಿಗಾಗಿ ತಮಿಳುನಾಡಿನಿಂದ ಬಂದಿದ್ದ ತರುಣರು. ಆ ದುರಂತದ ಬಳಿಕ ಮದುವೆ, ಮೆರವಣಿಗೆ, ರಾಜಕೀಯ ಸಮಾರಂಭಗಳಲ್ಲಿಯೂ ಪಟಾಕಿ ಕೂಡದೆಂದು ಸರಕಾರವು ಪ್ರಕಟಿಸಿತು. ಕಾಯಿದೆಯ ಒಂದೊಂದು ಕಲಮಿನ ಹಿಂದೆಯೂ ಇಂಥ ಬೂದಿಯಿರುತ್ತದೆ. ಅದನ್ನು ಕೇವಲ ಅಧಿಕಾರಿಗಳ ಕಾಟವೆಂದು ಹಳಿಯುವುದು ತರವಲ್ಲ.

ಶ್ರಾವಕನಿಗಂತೂ ಈ ಕಾಯಿದೆಗಳ ಪಾಲನೆ ವ್ರತದ ಅಂಗವೇ ಆಗಿದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ಪ್ರತಿರೂಪಕ ವ್ಯವಹಾರವೂ ಒಂದು. ರಾಜ್ಯದ ನಿಯಮವನ್ನು ಮೀರಿ ಕೊಳ್ಳುವುದು, ಮಾರುವುದು ಮೊದಲನೆಯದಕ್ಕೆ ಸೇರುತ್ತದೆ. ನಕಲಿ ಸರಕನ್ನು ಅಸಲಿಯೆಂದು ದಾಟಿಸುವುದು ಎರಡನೆಯದು. ಪರವಾನಗಿಯಿಲ್ಲದವನಿಂದ ಕಡಿಮೆ ಬೆಲೆಗೆ ಪಟಾಕಿ ತಂದವನೂ, ಹಳೆಯ ಮಾಲಿಗೆ ಹಸಿರು ಪಟಾಕಿಯ ಚೀಟಿ ಅಂಟಿಸಿ ಮಾರಿದವನೂ ದಂಡವನ್ನು ತಪ್ಪಿಸಿಕೊಂಡಾನು. ಅಣುವ್ರತದ ಅತಿಚಾರವನ್ನು ತಪ್ಪಿಸಿಕೊಳ್ಳಲಾರನು. ಹೀಗೆ ಕಾಯಿದೆಯ ಪಾಲನೆಯು ಮೊದಲನೆಯ ಮೆಟ್ಟಿಲು. ಅದು ಕಡೆಯ ಮೆಟ್ಟಿಲೂ ಹೌದೇ ಎಂಬುದೇ ಈಗಿನ ವಿಚಾರ.

ಕಾಯಿದೆಯು ಕೇಳುವ ಪ್ರಶ್ನೆಗಳು ಯಾವುವು? ಎಷ್ಟು ಸದ್ದು, ಎಷ್ಟು ಹೊತ್ತು, ಯಾವ ಮದ್ದು, ಯಾರಿಂದ ಖರೀದಿ? "ಏತಕ್ಕಾಗಿ?" ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ; ಕೇಳಬೇಕೆಂದು ನಾವು ಬಯಸುವುದೂ ಸಲ್ಲದು. ಆ ಪ್ರಶ್ನೆಯನ್ನು ಕೇಳುವುದು ವ್ರತ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ಅಡಿಗೆಯ ಒಲೆಯಲ್ಲಿ ಆರಂಭೀ ಹಿಂಸೆಯಿದೆ. ಬೇಸಾಯದಲ್ಲಿ ಉದ್ಯೋಗೀ ಹಿಂಸೆಯಿದೆ. ಆತ್ಮರಕ್ಷಣೆಯಲ್ಲಿ ವಿರೋಧೀ ಹಿಂಸೆಯಿದೆ. ಇವು ಮೂರೂ ಗೃಹಸ್ಥನಿಗೆ ಪೂರ್ತಿಯಾಗಿ ಬಿಡಲಾಗದವು. ಪಟಾಕಿ ಸುಡುವುದು ಇವುಗಳಲ್ಲಿ ಯಾವುದಕ್ಕೆ ಸೇರೀತು? ಅದರಿಂದ ಅನ್ನ ಬೇಯುವುದಿಲ್ಲ, ಬೆಳೆ ಬರುವುದಿಲ್ಲ, ಪ್ರಾಣವುಳಿಯುವುದಿಲ್ಲ. "ಕೊಲ್ಲುವ ಸಂಕಲ್ಪವೂ ನನಗಿಲ್ಲವಲ್ಲ!" ಎಂದು ಸುಡುವವನು ಹೇಳುತ್ತಾನೆ. ಆ ಮಾತು ನಿಜವೇ. ಯಾವ ಹಿಂಸೆಗೆ ದ್ವೇಷವೂ ಕಾರಣವಲ್ಲ, ಅಗತ್ಯವೂ ಕಾರಣವಲ್ಲ, ಬರಿಯ ಪ್ರಮಾದವೇ ಕಾರಣವೋ ಅಂಥದಕ್ಕಾಗಿಯೇ ಆಚಾರ್ಯರು ಅನರ್ಥದಂಡವಿರತಿ ಎಂಬ ಗುಣವ್ರತವನ್ನು ಬೇರೆಯಾಗಿ ಹೇಳಿದರು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆ. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕಲಕುವುದು, ಗಿಡಮರಗಳನ್ನು ಕಡಿಯುವುದು ಪ್ರಮಾದಚರ್ಯೆ. ಪಟಾಕಿ ಸುಡುವುದಕ್ಕೆ ಇದಕ್ಕಿಂತ ಸಮೀಪವಾದ ಲಕ್ಷಣವಿರಲಾರದು. ಬೆಂಕಿ, ಆಯುಧ ಮುಂತಾದ ಹಿಂಸೆಯ ಸಾಧನಗಳನ್ನು ಬೇರೆಯವರ ಕೈಗೆ ಕೊಡುವುದು ಹಿಂಸಾದಾನ. ತಾನು ಸುಡದಿದ್ದರೂ ಅಂಗಡಿಯ ಆಳುಗಳಿಗೆ ಹಬ್ಬದ ಉಡುಗೊರೆಯೆಂದು ಪಟಾಕಿಯ ಪೆಟ್ಟಿಗೆ ಹಂಚುವ ಯಜಮಾನನು ಇದನ್ನು ಗಮನಿಸಬೇಕು. ಕೃತ, ಕಾರಿತ, ಅನುಮೋದನೆ ಮೂರೂ ಆಸ್ರವಕ್ಕೆ ಕಾರಣವಲ್ಲವೇ?

ಹಸಿರು ಪಟಾಕಿಯ ಮಾತನ್ನೂ ಇಲ್ಲಿಯೇ ನೋಡಬಹುದು. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ ಸೂತ್ರದಂತೆ ತಯಾರಾದ ಈ ಪಟಾಕಿಯು ಧೂಳಿನ ಕಣಗಳನ್ನು ಶೇಕಡಾ 30ರಷ್ಟು ಕಡಿಮೆ ಮಾಡುತ್ತದೆ. ಇದು ಒಳ್ಳೆಯದೇ. ಕಾಯಿದೆಯು ಆ ಮೂವತ್ತರಿಂದ ಸಂತುಷ್ಟವಾಗುತ್ತದೆ. ಉಳಿದ ಎಪ್ಪತ್ತರ ಲೆಕ್ಕವನ್ನು ವ್ರತಿಯಾದವನು ತನ್ನ ಅಂತಃಸಾಕ್ಷಿಗೆ ಒಪ್ಪಿಸಬೇಕು.

ಅರ್ಥ ಮತ್ತು ಅನರ್ಥಗಳ ಭೇದಕ್ಕೆ ರಾಯಚೂರು ಜಿಲ್ಲೆಯಲ್ಲಿಯೇ ದೃಷ್ಟಾಂತವಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ಬಂಡೆಯನ್ನು ಒಡೆಯಲು ಮದ್ದು ಬಳಸುತ್ತಾರೆ. ಆ ಮದ್ದಿಗೂ ಪಟಾಕಿಯ ಮದ್ದಿಗೂ 1884ರ ಕಾಯಿದೆ ಒಂದೇ. ಗಣಿಯ ಕೆಲಸ ನಿರ್ದೋಷವೆಂದು ಹೇಳುತ್ತಿಲ್ಲ. ಅಲ್ಲಿ ಉದ್ಯೋಗೀ ಹಿಂಸೆ ಇದ್ದೇ ಇದೆ. ಆದರೆ ಅಲ್ಲಿ ಸಿಡಿಯುವ ಪ್ರತಿಯೊಂದು ತೋಟೆಗೂ ಒಂದು ಕಾರಣವನ್ನು ಹೇಳಬಹುದು. ಸಿಂಧನೂರಿನ ಬೀದಿಯಲ್ಲಿ ಸಿಡಿದ ಪಟಾಕಿಗೆ ಯಾವ ಕಾರಣವನ್ನು ಹೇಳೋಣ? ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಆ ಬತ್ತದ ಸೀಮೆಯಲ್ಲಿ, ಮಳೆಗಾಲ ಮುಗಿಯುವ ಆ ದಿನಗಳಲ್ಲಿ, ಒಂದು ದೀಪ ಹಚ್ಚಿದರೂ ಎಷ್ಟು ಹುಳುಗಳು ಮುತ್ತುತ್ತವೆಂಬುದನ್ನು ಮಕ್ಕಳೂ ಬಲ್ಲರು. ಮುನಿಗಳು ವರ್ಷಾಯೋಗವೆಂದು ಒಂದೆಡೆ ನಿಂತದ್ದು ಈ ಜೀವಗಳಿಗಾಗಿಯೇ. ಆ ಯೋಗದ ನಿಷ್ಠಾಪನೆಯಾಗುವುದು ಇದೇ ಚತುರ್ದಶಿಯ ರಾತ್ರಿಯ ಕಡೆಯ ಜಾವದಲ್ಲಿ. ಅದೇ ರಾತ್ರಿ ಶ್ರಾವಕನ ಅಂಗಳದಲ್ಲಿ ಬೆಂಕಿಯ ಭೂಚಕ್ರ ತಿರುಗುವುದು ಎಂಥ ವಿಪರ್ಯಾಸ!

ಕಾಯಿದೆಗೂ ಅಂತರಂಗದ ನಿಗ್ರಹಕ್ಕೂ ಇರುವ ಸಂಬಂಧವನ್ನು ಚಿಂತಿಸಿದ ಅರಸನೊಬ್ಬನ ಬರಹ ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿಯೇ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರು ಕಾಣಿಸಿತು. ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಉನ್ನತ ಫಲವು ಲಭ್ಯವೆಂಬುದು ಅದರ ತಾತ್ಪರ್ಯ. ಆತನು ಬೌದ್ಧೋಪಾಸಕ, ಆದರೂ ಆತನ ಅನುಭವ ನಮಗೂ ಪಾಠವಾಗಬಲ್ಲದು. ಉತ್ತರ ದೇಶದ ತನ್ನ ಸ್ತಂಭಶಾಸನಗಳಲ್ಲಿ ಐದನೆಯದರಲ್ಲಿ ಅವನು ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂದೂ, ಅನರ್ಥವಾಗಿ ಕಾಡಿಗೆ ಬೆಂಕಿಯಿಡಬಾರದೆಂದೂ ವಿಧಿಸಿದ್ದಾನೆ. ಅಲ್ಲಿಯ ಪ್ರಾಕೃತ ಶಬ್ದವೂ ನಮ್ಮ ಅನರ್ಥದಂಡದ 'ಅನರ್ಥ'ವೇ ಎಂಬುದು ಗಮನಾರ್ಹ. ಏಳನೆಯ ಶಾಸನದಲ್ಲಿ ಅದೇ ಅರಸನು ಹಿಂತಿರುಗಿ ನೋಡಿ, ಜನರ ಧರ್ಮವು ನಿಯಮದಿಂದಲೂ ಚಿಂತನೆಯಿಂದಲೂ ಬೆಳೆಯಿತಾದರೂ, ನಿಯಮದಿಂದ ಆದದ್ದು ಅಲ್ಪ, ಚಿಂತನೆಯಿಂದ ಆದದ್ದೇ ಅಧಿಕ ಎಂಬ ನಿರ್ಣಯಕ್ಕೆ ಬರುತ್ತಾನೆ. ಆಜ್ಞೆ ಹೊರಡಿಸುವ ಅಧಿಕಾರವುಳ್ಳ ಚಕ್ರವರ್ತಿಯೇ ಹೀಗೆ ಹೇಳಿರುವುದು ವಿಚಾರಾರ್ಹವಾಗಿದೆ.

ಆದುದರಿಂದ "ಸರಕಾರವು ಪೂರ್ತಿ ನಿಷೇಧಿಸಿಬಿಟ್ಟರೆ ನಮ್ಮ ತೊಂದರೆ ತೀರೀತು" ಎನ್ನುವ ಧರ್ಮಬಂಧುಗಳ ಮಾತನ್ನು ನಾನು ಒಪ್ಪಲಾರೆ. ನಿಷೇಧದಿಂದ ಜೀವಗಳುಳಿದರೆ ಸಂತೋಷವೇ. ಆದರೆ ಸುಡಲು ಅವಕಾಶವೇ ಇಲ್ಲದವನು ಸುಡದಿರುವುದು ತ್ಯಾಗವಲ್ಲ. ಅವಕಾಶವಿದ್ದೂ, ಕೈಯಲ್ಲಿ ಹಣವಿದ್ದೂ, ನೆರೆಮನೆಯಲ್ಲಿ ಸುಡುತ್ತಿದ್ದರೂ, ತಿಳಿದು ಬಿಡುವುದು ವ್ರತ. ಕಾಯಿದೆಯು ಬಿಟ್ಟುಕೊಟ್ಟ ಆ ಎರಡು ತಾಸುಗಳೇ ನಮ್ಮ ಪರೀಕ್ಷೆಯ ಕಾಲ.

ಇದಕ್ಕೆ ಮೂರು ಆಕ್ಷೇಪಗಳುಂಟು. ಒಂದು, "ದೀಪ ಹಚ್ಚುವುದೂ ಅಗ್ನಿಕಾಯದ ಆರಂಭವಲ್ಲವೇ?" ಹೌದು. ಅದಕ್ಕಾಗಿಯೇ ದೀಪದಲ್ಲಿಯೂ ಯತ್ನಾಚಾರ ಬೇಕು. ಸಂಖ್ಯೆಗೆ ಮಿತಿ ಬೇಕು, ಗಾಜಿನ ಮರೆ ಬೇಕು. ಪಾವಾಪುರಿಯಲ್ಲಿ ವೀರಪ್ರಭುವಿನ ನಿರ್ವಾಣವಾದಾಗ ದೀಪಗಳನ್ನು ಬೆಳಗಿದರೆಂದು ಜಿನಸೇನರು ಶಕ 705ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ ಹೇಳಿದ್ದಾರೆ. ಆ ಬೆಳಕಿಗೆ ಅರ್ಥವಿದೆ. ಸಿಡಿತಕ್ಕೆ ಅಂಥ ಆಧಾರವಿಲ್ಲ. ಎರಡು, "ಶಿವಕಾಶಿಯ ಬಡವರ ಹೊಟ್ಟೆಪಾಡೇನು?" ಕರುಣೆಯ ಈ ಮಾತನ್ನು ಹಗುರವಾಗಿ ಕಾಣಲಾಗದು. ಆದರೆ 2012ರಲ್ಲಿ ಶಿವಕಾಶಿಯ ಬಳಿಯ ಮುದಲಿಪಟ್ಟಿಯಲ್ಲಿ ಒಂದೇ ದಿನ ಮೂವತ್ತಕ್ಕೂ ಹೆಚ್ಚು ಜನ ಬೆಂದುಹೋದರು. ಅಂಥ ದುಡಿಮೆಯನ್ನು ನಮ್ಮ ವಿನೋದದಿಂದ ಪೋಷಿಸಿ, ಅದಕ್ಕೆ ದಯೆಯೆಂದು ಹೆಸರಿಡಲಾದೀತೇ? ನಿಜವಾಗಿ ಮರುಗುವವರು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನದ ದಾರಿಯನ್ನು ಹಿಡಿಯಲಿ.

ಮೂರನೆಯದು ಎಲ್ಲಕ್ಕಿಂತ ಕಠಿನವಾದುದು. "ಮಕ್ಕಳಿಗೆ ಏನು ಹೇಳೋಣ?" ಬೀದಿಯೆಲ್ಲ ಬೆಳಗುತ್ತಿರುವಾಗ ತನ್ನ ಮನೆಯ ಮಗು ಮಾತ್ರ ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಅಜ್ಜನ ಮನಸ್ಸು ಕರಗದಿರದು. ಬಲಾತ್ಕಾರದಿಂದ ಕೊಡಿಸಿದ ವ್ರತ ವ್ರತವಲ್ಲ; ಉಪಾಧ್ಯಾಯನು ಬೆನ್ನು ತಿರುಗಿಸಿದೊಡನೆ ಮುರಿಯುವ ನಿಯಮದಂತೆ ಅದು ಬಾಳುವುದಿಲ್ಲ. ಆದರೆ ಕೊಡಿಸದಿರುವುದು ಬಲಾತ್ಕಾರವೂ ಅಲ್ಲ. ಹಿಂಸಾದಾನದಿಂದ ನಿವೃತ್ತನಾಗುವುದು ಹಿರಿಯನ ಸ್ವಂತ ವ್ರತ. ಅದನ್ನು ಮಗುವಿನ ಅಳುವಿಗೆ ಒತ್ತೆಯಿಡಬೇಕಾಗಿಲ್ಲ. ಮಗುವಿಗೆ ದೀಪದ ಸಾಲನ್ನು ತಾನೇ ಜೋಡಿಸುವ ಕೆಲಸ ಕೊಡಲಿ. ಬೆಳಗಿನ ಲಾಡನ್ನು ಬಸದಿಗೆ ಒಯ್ಯುವ ಗೌರವ ಕೊಡಲಿ. ವೀರನಿರ್ವಾಣದ ದಿನವೇ ಗೌತಮ ಗಣಧರರಿಗೆ ಕೇವಲಜ್ಞಾನವಾದ ಕಥೆಯನ್ನು ಹೇಳಲಿ. ನಾಳೆ ಬೆಳೆದು ತಾನೇ ವಿಚಾರಿಸಿ ಅದು ಯಾವ ನಿರ್ಣಯಕ್ಕೆ ಬರುವುದೋ ಅದು ಅದರ ಪಾಲಿನದು. ಸುಡುವ ನೆರೆಯವರನ್ನು ಹಂಗಿಸುವುದಂತೂ ಬೇಡ. ತನ್ನ ತ್ಯಾಗವನ್ನು ಮೆರೆಸಿದರೆ ಪಟಾಕಿ ಬಿಟ್ಟು ಮಾನಕಷಾಯವನ್ನು ಹೊತ್ತಿಸಿದಂತಾದೀತು.

ಕಾಲದ ಮಿತಿಯುಳ್ಳದ್ದು ನಿಯಮ, ಬಾಳಿನುದ್ದಕ್ಕೂ ಇರುವುದು ಯಮ ಎಂದು ಸಮಂತಭದ್ರರು ಭೇದ ತೋರಿಸಿದ್ದಾರೆ. ಯಮಕ್ಕೆ ಅಂಜುವವರು ನಿಯಮದಿಂದ ತೊಡಗಬಹುದು. ಈ ವರ್ಷದ ತ್ರಯೋದಶಿಯಿಂದ ಪಾಡ್ಯದವರೆಗೆ ಸುಡುಮದ್ದನ್ನು ಕೊಳ್ಳುವುದಿಲ್ಲ, ಸುಡುವುದಿಲ್ಲ, ಕೊಡುವುದಿಲ್ಲ, ಮಾರುವುದಿಲ್ಲವೆಂದು ಪಂಚಪರಮೇಷ್ಠಿಗಳ ಸನ್ನಿಧಿಯಲ್ಲಿ ಹೇಳಿಕೊಂಡರೆ ಸಾಕು. ನಾಲ್ಕು ದಿನಗಳ ಸಣ್ಣ ನಿಯಮವಿದು. ಒಂದು ಮನೆಯ ಯಜಮಾನನಾಗಲಿ, ಒಬ್ಬ ಗೃಹಿಣಿಯಾಗಲಿ ಇಂದೇ ಕೈಕೊಳ್ಳಬಹುದಾದುದು. ಇದಕ್ಕೆ ಯಾವ ಕಚೇರಿಯ ಪರವಾನಗಿಯೂ ಬೇಕಾಗಿಲ್ಲ.