ಪ್ರಮಾದವೇ ಹಿಂಸೆಯ ಬೇರು



ಸಾಕಿದ ನಾಯಿಯು ತೆರೆದ ಬಾಗಿಲಿನಿಂದ ಬೀದಿಗೋಡಿ, ಸಾಮಾನು ತಲುಪಿಸುವವನ ವಾಹನಕ್ಕೆ ಸಿಕ್ಕಿ ಸತ್ತರೆ ಪಾಪವು ಯಾರದು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಪ್ರಮಾದದಿಂದಾದ ಪ್ರಾಣಹರಣವನ್ನೇ ಹಿಂಸೆಯೆಂದರು. ಎಚ್ಚರದಿಂದ ನಡೆಸಿದವನಿಗೆ ಆ ದೋಷವಿಲ್ಲ. ಮೈಮರೆತು ಓಡಿಸಿದವನಿಗೆ ಉಂಟು. ಬಾಗಿಲು ಮುಚ್ಚದ ಯಜಮಾನನೂ, ಬೇಗ ಬಾರೆಂದು ಅವಸರಪಡಿಸಿದ ನಾವೂ ನಿರ್ದೋಷಿಗಳಲ್ಲ. ಹಾಗೆಂದು ಹಗಲಿರುಳು ಬಿಗಿದು ಕಟ್ಟುವುದೂ ಸಲ್ಲದು. ಬಂಧವು ಅಹಿಂಸಾಣುವ್ರತದ 5 ಅತಿಚಾರಗಳಲ್ಲಿ ಮೊದಲನೆಯದು.

ಜೀವಂಧರಕುಮಾರನು ಸಾಯುತ್ತಿದ್ದ ನಾಯಿಗೆ ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದನು. ಅದು ಯಕ್ಷನಾಗಿ ಹುಟ್ಟಿತು. ಆದುದರಿಂದ ತಪ್ಪು ಯಾರದೆಂದು ಕಲಹಿಸುವ ಮೊದಲು ನರಳುವ ಜೀವದ ಬಳಿಗೆ ಹೋಗಿರಿ. ಬಳಿಕ ಪ್ರತಿಯೊಬ್ಬರೂ ತಮ್ಮ ಪಾಲಿನ ಪ್ರಮಾದವನ್ನು ಒಪ್ಪಿಕೊಂಡು ಪ್ರತಿಕ್ರಮಣ ಮಾಡಿರಿ, ಏಕಾಶನವನ್ನು ಕೈಗೊಳ್ಳಿರಿ. ಆದರೆ ಬಾಗಿಲು ತೆರೆದೇ ಇದ್ದರೆ ಆ ಏಕಾಶನದಿಂದ ಫಲವೇನು?