ಅಳತೆ ಮುಗಿದ ಮೇಲೆ

ಪಿಂಗಾಣಿ ಹಲ್ಲು ಹಾಕಿಸಿಕೊಳ್ಳಲು ಹೋದವರು ಡಾಕ್ಟರನ್ನು ಕೇಳುವುದು ಎರಡೇ ಪ್ರಶ್ನೆ: ಎಷ್ಟಾಗುತ್ತೆ? ಎಷ್ಟು ವರ್ಷ ಬಾಳಿಕೆ ಬರುತ್ತೆ? ಬಾಳಿಕೆ ಎನ್ನುವುದು ಪಿಂಗಾಣಿಯ ಗುಣ, ಅಂಟಿನ ಬಲ ಎರಡಕ್ಕೇ ಮುಗಿಯುವುದಿಲ್ಲ. ನಡುವೆ ಏನು ಉಳಿದಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹಲ್ಲಿನ ಹೊರಪದರವಾದ ಎನಾಮೆಲ್‌ಗೆ ಫಾಸ್ಫರಿಕ್ ಆಮ್ಲ ಸವರಿದರೆ, ಅಂಟಾಗಿ ಬಳಸುವ ರೆಸಿನ್ ಬಿಗಿಯಾಗಿ ಹಿಡಿಯುತ್ತದೆಂದು 1955ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಮೈಕೆಲ್ ಬ್ಯುನೊಕೋರ್. ಆಮ್ಲ ಕೊರೆದ, ಕಣ್ಣಿಗೆ ಕಾಣದ ರಂಧ್ರಗಳಿಗೆ ರೆಸಿನ್ ಇಳಿದು ಗಟ್ಟಿಯಾಗುತ್ತದೆ. ಪಿಂಗಾಣಿಯ ಒಳಮೈಯನ್ನೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಒರಟು ಮಾಡಿ, ರೆಸಿನ್ ಹಿಡಿಯಲೆಂದು ಸಿಲೇನ್ ಎಂಬ ದ್ರವ ಬಳಿಯುತ್ತಾರೆ.

ಆದರೆ ಅಂಟಿಸುವುದಕ್ಕೆ ಮೊದಲು ಅಳತೆಯಾಗಬೇಕು. ಟ್ರೇಗೆ ಸಿಲಿಕೋನ್ ತುಂಬಿ, ಬಾಯಿಗೆ ಒತ್ತಿ, ಅಚ್ಚು ತೆಗೆಯುತ್ತಾರೆ. ಆ ಸಿಲಿಕೋನಿನ ತೆಳು ಜಿಡ್ಡು ಹಲ್ಲಿನ ಮೇಲೆ ಉಳಿದರೂ ಸಾಕು, ಆ ಜಾಗದಲ್ಲಿ ರೆಸಿನ್ ಹರಡಿಕೊಳ್ಳುವುದಿಲ್ಲ. ಕೊರೆದ ಹಲ್ಲಿಗೆ ಮೊದಲೇ ರೆಸಿನ್ ಬಳಿದು ನೀಲಿ ಬೆಳಕಿನಲ್ಲಿ ಗಟ್ಟಿ ಮಾಡುವ ಕ್ರಮವೂ ಉಂಟು. ಆಗ ಗಾಳಿ ತಗುಲಿದ ಮೇಲ್ಪದರ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಚ್ಚಿನ ಸಿಲಿಕೋನ್ ಅಲ್ಲಿ ಸರಿಯಾಗಿ ಗಟ್ಟಿಯಾಗದೆ ಹಲ್ಲಿಗೇ ಮೆತ್ತಿಕೊಳ್ಳುತ್ತದೆ. ಅದಕ್ಕೇ ಗ್ಲಿಸರಿನ್ ಸವರಿ ಗಾಳಿ ತಡೆದು, ಇನ್ನೊಮ್ಮೆ ಬೆಳಕು ಹಾಯಿಸಿ, ಪ್ಯೂಮಿಸ್ ಪುಡಿಯಿಂದ ಉಜ್ಜುತ್ತಾರೆ. ಲ್ಯಾಟೆಕ್ಸ್ ಕೈಗವಸು ತೊಟ್ಟು ಸಿಲಿಕೋನ್ ನಾದುವುದೂ ಇಲ್ಲ, ಕೈಗವಸಿನಲ್ಲಿರುವ ಗಂಧಕ ತಗುಲಿದರೆ ಅಚ್ಚು ಕೆಡುತ್ತದೆ.

ಅಳತೆಯಿಲ್ಲದೆ ಕೂರುವ ಹಲ್ಲಿಲ್ಲ. ಅಳೆಯುವ ಕೈ ಏನೂ ಬಿಟ್ಟುಹೋಗುವುದಿಲ್ಲ ಎಂದು ನಂಬುವುದೇ ತಪ್ಪು.

ಸಂಬಂಧ ಕುದುರಿಸುವಾಗಲೂ ಎರಡು ಮನೆಯವರು ಓದು, ಸಂಬಳ, ಬಣ್ಣ, ಕೊಡು-ಕೊಳ್ಳುವುದು ಎಲ್ಲವನ್ನೂ ಅಳೆದು ತೂಗುತ್ತಾರೆ. ಮದುವೆಯಾಗಿ ಮಕ್ಕಳಾದ ಮೇಲೂ ಒಂದು ದಿನ, "ಅವತ್ತು ನಿಮ್ಮ ದೊಡ್ಡಪ್ಪ ಏನಂದ್ರು, ನೆನಪಿದೆಯಾ?" ಎಂಬ ಮಾತು ಬಂದೇ ಬರುತ್ತದೆ. ಪ್ರೀತಿಗೆ ಕೊರತೆಯಿರುವುದಿಲ್ಲ, ಅಂದಿನ ಅಳತೆಯ ಜಿಡ್ಡು ಹೋಗಿರುವುದಿಲ್ಲ.

ದಂತವೈದ್ಯರು ಅಳತೆಗೂ ಜೋಡಣೆಗೂ ನಡುವೆ ಉಜ್ಜಿ ಶುಚಿ ಮಾಡುವುದನ್ನು ಕೆಲಸದ ಒಂದು ಹಂತವೆಂದೇ ಎಣಿಸುತ್ತಾರೆ. ನಿಶ್ಚಿತಾರ್ಥಕ್ಕೂ ಧಾರೆಗೂ ನಡುವೆ ನಾವು ಎಷ್ಟೋ ಶಾಸ್ತ್ರಗಳನ್ನು ಇಟ್ಟುಕೊಂಡಿದ್ದೇವೆ. ಆಡಿದ ಮಾತನ್ನು ತೊಳೆಯಲು ಒಂದನ್ನೂ ಇಟ್ಟಿಲ್ಲ. ಅದನ್ನು ಪುರೋಹಿತರು ಮಾಡಿಸುವುದಿಲ್ಲ, ಮದುವೆಯಾಗುವವರೇ ಕುಳಿತು ಮಾಡಿಕೊಳ್ಳಬೇಕು.