ಕಾಣದಿದ್ದರೆ ಇಲ್ಲವೇ?

ಸ್ವಯಂಚಾಲಿತ ಮನೆಯಲ್ಲಿ ಎರಡು ಸ್ಥಿತಿಯ ಸೆನ್ಸರ್ ಹೇಳುವುದು ಎರಡೇ ಮಾತು: ಆನ್, ಆಫ್. ಬಾಗಿಲು ತೆರೆದಿದೆ, ಇಲ್ಲವೇ ಮುಚ್ಚಿದೆ. ಕೋಣೆಯಲ್ಲಿ ಚಲನೆ ಇದೆ, ಇಲ್ಲವೇ ಇಲ್ಲ. ‘ಇದೆ’ ಎಂಬ ವರದಿಯನ್ನು ನಂಬಲು ಅಷ್ಟು ಕಷ್ಟವಿಲ್ಲ. ‘ಇಲ್ಲ’ ಎಂಬುದನ್ನು ಯಾವ ಬಲದ ಮೇಲೆ ನಂಬಬೇಕು ಎಂಬುದು ಭಾರತೀಯ ದರ್ಶನಗಳು ಬಹುಕಾಲ ಜಗ್ಗಾಡಿದ ಪ್ರಶ್ನೆ.

ನೆಲದ ಮೇಲೆ ಗಡಿಗೆ ಇಲ್ಲವೆಂದು ತಿಳಿಯುವುದು ಹೇಗೆ? ಕಣ್ಣಿನಿಂದಲೇ ಎಂದರು ನೈಯಾಯಿಕರು. ಕಂಡದ್ದು ಬರಿಯ ನೆಲವಷ್ಟೆ, ಅಭಾವವೆಂಬ ಬೇರೆ ವಸ್ತುವಿಲ್ಲ ಎಂದ ಮೀಮಾಂಸಕ ಪ್ರಭಾಕರ. ಮೀಮಾಂಸಕನೇ ಆದ ಕುಮಾರಿಲ ಭಟ್ಟ ಅಭಾವವನ್ನು ತಿಳಿಸುವ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದ. ಅದ್ವೈತಿಗಳು ಅದನ್ನು ಅನುಪಲಬ್ಧಿ ಎಂಬ ಹೆಸರಿನಲ್ಲಿ ಉಳಿಸಿಕೊಂಡರು. ಇದಕ್ಕೆ ಸೇರಿದ ಷರತ್ತು ಇಡೀ ಚರ್ಚೆಯಲ್ಲೇ ಅತ್ಯಂತ ಬೆಲೆಯುಳ್ಳದ್ದು. ಅದು ಯೋಗ್ಯತೆ: ಗಡಿಗೆ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲ. ಕತ್ತಲಲ್ಲಿ ಕಾಣದ್ದರಿಂದ ಏನೂ ಸಿದ್ಧವಾಗದು. ಬೌದ್ಧ ತಾರ್ಕಿಕರೂ ಇದೇ ಎಚ್ಚರದಿಂದ, ಸ್ವಭಾವತಃ ಅದೃಶ್ಯವಾದ ಪಿಶಾಚಿ ಕಾಣಲಿಲ್ಲವೆಂದು ಅದಿಲ್ಲವೆನ್ನಲಾಗದು ಎಂದರು.

ಪಿಐಆರ್ ಚಲನ ಸೆನ್ಸರ್ ಈ ಷರತ್ತನ್ನು ಆಗಾಗ ಮುರಿಯುತ್ತದೆ. ಅದು ಗುರುತಿಸುವುದು ತನ್ನ ಕಣ್ಣಳತೆಯಲ್ಲಿ ಅವಗೆಂಪು ವಿಕಿರಣದ ಬದಲಾವಣೆಯನ್ನು, ಮನುಷ್ಯನನ್ನಲ್ಲ. ಕುರ್ಚಿಯಲ್ಲಿ ಅಲುಗಾಡದೆ ಓದುತ್ತ ಕುಳಿತವರು ಅದರ ಪಾಲಿಗೆ ಇಲ್ಲವಾಗುತ್ತಾರೆ, ದೀಪ ಆರುತ್ತದೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯ ಕೋಣೆಯ ಬಿಸಿ ಮೈಶಾಖದ ಹತ್ತಿರಕ್ಕೆ ಬಂದಾಗ ಗೋಡೆಗೂ ಮನುಷ್ಯನಿಗೂ ಅಂತರ ಕುಗ್ಗಿ, ನಡೆದಾಡುವವರೂ ಅದರ ಕಣ್ತಪ್ಪಬಹುದು. ಉಸಿರಾಟದ ಅಲುಗಾಟವನ್ನೂ ಹಿಡಿಯುವ ರೇಡಾರ್ ಸೆನ್ಸರ್ ಯೋಗ್ಯತೆಯ ಎಲ್ಲೆಯನ್ನು ಹಿಗ್ಗಿಸುತ್ತದೆ, ಅಳಿಸುವುದಿಲ್ಲ.

ಬಾಗಿಲಿನ ಸೆನ್ಸರ್ ಪರಿಸ್ಥಿತಿ ವಾಸಿ. ಚೌಕಟ್ಟಿನಲ್ಲಿ ಅಯಸ್ಕಾಂತಕ್ಕೆ ಸ್ಪಂದಿಸುವ ರೀಡ್ ಸ್ವಿಚ್, ಕದದಲ್ಲಿ ಅಯಸ್ಕಾಂತ. ಕಳ್ಳಗಂಟೆಯ ತಂತಿಜಾಲದಲ್ಲಿ ಬಾಗಿಲು ಮುಚ್ಚಿರುವಷ್ಟೂ ಹೊತ್ತು ವಿದ್ಯುತ್ ಹರಿಯುತ್ತಿರುತ್ತದೆ. ಕದ ತೆರೆದರೂ, ಯಾರಾದರೂ ತಂತಿ ಕತ್ತರಿಸಿದರೂ ಹರಿವು ನಿಂತು ಗಂಟೆ ಬಾರಿಸುತ್ತದೆ. ಇಲ್ಲಿ ಮೌನಕ್ಕೇ ಅರ್ಥ ಬರುವಂತೆ ಏರ್ಪಾಡಾಗಿದೆ. ಬ್ಯಾಟರಿಯ ನಿಸ್ತಂತು ಸೆನ್ಸರ್‌ಗೆ ಆ ಭಾಗ್ಯವಿಲ್ಲ. ಶಕ್ತಿ ಮುಗಿದ ಮೇಲೂ ಅದರ ಕೊನೆಯ ಮಾತು ‘ಮುಚ್ಚಿದೆ’ ಎಂದೇ ಪರದೆಯಲ್ಲಿ ಉಳಿದಿರಬಹುದು. ಆದ್ದರಿಂದಲೇ ಅದು ಗೊತ್ತಾದ ಅವಧಿಗೊಮ್ಮೆ ತಾನು ಜೀವಂತವೆಂದು ಸಂಕೇತ ಕಳಿಸಬೇಕಾಗುತ್ತದೆ.

ಹೋಮ್ ಅಸಿಸ್ಟೆಂಟ್ ತಂತ್ರಾಂಶ ಆನ್, ಆಫ್‌ಗಳ ಪಕ್ಕದಲ್ಲಿ ‘ಗೊತ್ತಿಲ್ಲ’, ‘ಲಭ್ಯವಿಲ್ಲ’ ಎಂಬ ಸ್ಥಿತಿಗಳನ್ನೂ ಇಟ್ಟಿರುವುದು ದಾರ್ಶನಿಕವಾಗಿಯೂ ಸರಿಯಾದ ನಿರ್ಧಾರ. ಆದರೆ ನಿಯಮ ಬರೆಯುವಾಗ ‘ಆನ್ ಅಲ್ಲದಿದ್ದರೆ’ ಎಂದುಬಿಟ್ಟರೆ ಅವೆಲ್ಲವೂ ಆಫ್‌ನೊಳಗೆ ಕರಗಿಹೋಗುತ್ತವೆ. ಹಜಾರದ ದೀಪದ ಮಟ್ಟಿಗೆ ಅದು ಸಣ್ಣ ತೊಂದರೆ. ಅನಿಲ ಸೋರಿಕೆಯ ಎಚ್ಚರಿಕೆಯಲ್ಲಿ, ಒಂಟಿಯಾಗಿರುವ ವೃದ್ಧರ ಮನೆಯಲ್ಲಿ ‘ಗೊತ್ತಿಲ್ಲ’ ಎಂಬ ಸ್ಥಿತಿಗೆ ಪ್ರತ್ಯೇಕ ನಿಯಮ ಇರಲೇಬೇಕು: ಸೆನ್ಸರ್ ಉತ್ತರಿಸದಾಗ ಯಾರಿಗಾದರೂ ಕರೆ ಹೋಗಬೇಕು.